ಮದುಮಗಳ ಮುಖ

"ಇದು ಮದುಮಗಳ ಗೊಂಬಿ ಏನವಾ? ಕೈಯಾಗ ಹಿಡದಾಗಿಂದ ನನ್ನ ಹೆಂಡ್ತಿ ಮ್ಯಾಲೇ ನನಗ ಅನುಮಾನ ಬರಾಕತ್ತೈತಿ!" ಗೊಂಬೆ ಕಾರ್ಖಾನೆಯ ಮಾಲೀಕ ವಿರುಪಾಕ್ಷಪ್ಪ ಮಾದರಿಯನ್ನು ಮೇಜಿನ ಮೇಲೆ ಕುಕ್ಕಿದ.

"ನಾ ನಕ್ಕೋಂತನ ಮಾಡೀನ್ರಿ," ಎಂದು ಮಾದರಿ ತಿದ್ದಿದ ನೀಲಗಂಗವ್ವ ದನಿ ಏರಿಸಿದಳು.

"ಸುಳ್ಳು! ಯಾರ ಮ್ಯಾಲೋ ಸಂಶೇ ಇಟಗೊಂಡು ಮಾಡೀದಿ!"

ಮಾದರಿ ತಿದ್ದುವವರ ಮನಸ್ಸಿನಲ್ಲಿ ಇದ್ದದ್ದು ಹೆಬ್ಬೆರಳಿನಿಂದ ಜೇಡಿಮಣ್ಣಿಗೆ ಇಳಿಯುತ್ತದೆ. ಅಲ್ಲಿಂದ ಅಚ್ಚಿಗೆ, ಅಚ್ಚಿನಿಂದ ಪ್ರತಿ ಗೊಂಬೆಗೆ, ಗೊಂಬೆಯಿಂದ ಅದನ್ನು ಹಿಡಿದವರ ಮನಸ್ಸಿಗೆ. ಗೊಂಬೆ ಕೂಡಿಡುವ ಜನ ಕೊಳ್ಳುವುದೇ ಅದಕ್ಕೆ. ಹಾಗಾಗಿ ಮನಸ್ಸು ಕೆಟ್ಟ ದಿನ ಯಾರೂ ಮುಖ ತಿದ್ದಲು ಕೂರುವುದಿಲ್ಲ. ನೀಲಗಂಗವ್ವ ಮಾತ್ರ ಅರಿಸಿನದ ನೀರಲ್ಲಿ ಕೈ ತೊಳೆದರೆ ಸಾಕೆಂದುಕೊಂಡು ಕೂತಿದ್ದಳು. ಇದೇ ಕಾರ್ಖಾನೆಯಲ್ಲಿ ಬಣ್ಣ ಹಚ್ಚುವ ಅವಳ ಗಂಡ ಚೆನ್ನಮಲ್ಲ ಇತ್ತೀಚೆಗೆ ಅತ್ತರು ಪೂಸಿಕೊಂಡು ತಿರುಗುತ್ತಿದ್ದ. ಕೇಳಿದರೆ, ಬಣ್ಣದ ವಾಸನೆ ಎನ್ನುತ್ತಿದ್ದ.

"ಏನ್ ಗದ್ಲಾರೀ ಅದು? ತರ್ರಿ, ನಾ ನೋಡ್ತೀನಿ," ಎಂದು ಚೆನ್ನಮಲ್ಲ ನಗುತ್ತಾ ಒಳಗೆ ಬಂದ.

"ಮುಟ್ಟಬ್ಯಾಡ್ರಿ!" ನೀಲಗಂಗವ್ವ ಚೀರಿದಳು.

ಅಷ್ಟರಲ್ಲಿ ಗೊಂಬೆ ಅವನ ಅಂಗೈಯಲ್ಲಿತ್ತು. ಅವನ ಮುಖದ ನಗು ಇಳಿದುಹೋಯಿತು.

"ಈ ಸಂಶೇ ನನ್ನ ಮ್ಯಾಲಿಂದು ಹೌದಿಲ್ಲೋ? ಇದನ್ನ ಹೊಟ್ಟ್ಯಾಗ ಇಟಗೊಂಡು ನನಗ ರೊಟ್ಟಿ ಬಡದ್ ಹಾಕ್ತಿದ್ದೇನ?"

"ಹಂಗಾರ ಸುಳ್ಳಂತ ಹೇಳ್ರಿ."

ಅವನು ಗೊಂಬೆಯನ್ನು ಮೆಲ್ಲಗೆ ಕೆಳಗಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೊರಟ. ಮನಸ್ಸು ಮುರಿದು ಹೋದನೋ, ಸಿಕ್ಕಿಬಿದ್ದೆನೆಂದು ಹೋದನೋ, ಅವನ ಬೆನ್ನು ನೋಡಿ ಅವಳಿಗೆ ತಿಳಿಯಲಿಲ್ಲ. ಕೇಳೋಣವೆಂದರೆ ಅವನು ಆ ಸಂಜೆ ಮನೆಗೆ ಬರಲಿಲ್ಲ, ಆಮೇಲೂ ಬರಲಿಲ್ಲ.