ಲೇಪನಾಚಾರ್ಯರ ಬಾಣಲೆ

ವಿಜ್ಞಾನಿಗೆ ವರುಷ, ಮೊಟ್ಟೆಗೆ ನಿಮಿಷ. ಗಾದೆ ಸುಳ್ಳಾದರೂ ಈ ಕಥೆ ಸುಳ್ಳಲ್ಲ.

ರಜೆಯ ದಿನ ಬೆಳಗ್ಗೆ ಲೇಪನಾಚಾರ್ಯ ಅಡುಗೆಮನೆಯ ಬಾಗಿಲಿಗೆ ಒರಗಿ, ಹೆಂಡತಿ ಒಲೆಯ ಮೇಲಿಟ್ಟ ಬಾಣಲೆಯನ್ನೇ ಕಳ್ಳನಂತೆ ನೋಡುತ್ತಿದ್ದ. ಊಟದ ಮೇಜಿನ ಮುಂದೆ ಅವನ ಕಂಪನಿಯ ನಿರ್ದೇಶಕರು ತಟ್ಟೆ ಹಿಡಿದು ಕಾದಿದ್ದರು. ಮೊಟ್ಟೆ ಜಾರಿದರೆ ಅವನ ಹೊಸ ನಾನ್‌ಸ್ಟಿಕ್ ಲೇಪನ ಕಾರ್ಖಾನೆಗೆ. ಅಂಟಿದರೆ ಪ್ರಯೋಗಾಲಯಕ್ಕೆ ಬೀಗ, ಅವನು ಗ್ರಾಹಕರ ದೂರು ವಿಭಾಗಕ್ಕೆ.

‘ಲೇಪನಾಚಾರ್ಯ’ ಎಂದು ಹೆಸರಿಟ್ಟವಳು ಹೆಂಡತಿಯೇ. ವಸ್ತುವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದ ಗಂಡ ಮನೆಬಳಕೆಗೆಂದು ಇದುವರೆಗೆ ಕಂಡುಹಿಡಿದದ್ದು ಸೋಪಿಗಿಂತ ಮೊದಲೇ ಕರಗುವ ಸೋಪಿನ ಡಬ್ಬಿ, ನೀರು ಕುಡಿಯುವ ಕೊಡೆ, ಬೆರಳಿಗೆ ಮಾತ್ರ ಅಂಟುವ ಅಂಟು. “ದೂರು ವಿಭಾಗದಲ್ಲಿ ಅರ್ಧ ಜನ ಅನ್ನ ತಿನ್ನೋದೇ ನನ್ನಿಂದ” ಎಂದು ಅವನೇ ಹೇಳಿಕೊಳ್ಳುತ್ತಿದ್ದ. ಕಾಲೇಜಿಗೆ ಹೋಗುವ ಮಗಳು ಜಾಹೀರಾತಿನವರ ದನಿ ತೆಗೆದು ಅಣಕಿಸುತ್ತಿದ್ದಳು: “ಒಮ್ಮೆ ಬಳಸಿ, ಜನ್ಮವಿಡೀ ತೊಳೆಯಿರಿ.”

ಅವನು ತಂದದ್ದನ್ನು ಒಲೆಯ ಹತ್ತಿರ ಸೇರಿಸುವುದಿಲ್ಲವೆಂದು ಹೆಂಡತಿ ಶಪಥ ಮಾಡಿದ್ದಳು. ಅವಳ ಬಾಣಲೆ ಎದುರಾಳಿ ಕಂಪನಿಯದು. ಅವಳು ಅಕ್ಕನ ಮನೆಗೆ ಹೋಗಿದ್ದಾಗ ಅವನು ಅದೇ ಬಾಣಲೆಯನ್ನು ಪ್ರಯೋಗಾಲಯಕ್ಕೆ ಒಯ್ದ. ಅವರ ಲೇಪನ ಕೆರೆದ, ತನ್ನದನ್ನು ಬಳಿದ, ಕಾಯಿಸಿ ಒಣಗಿಸಿದ. ಏನೂ ಅರಿಯದವನಂತೆ ತಂದು ಮೊಳೆಗೆ ನೇತುಹಾಕಿದ. ಮಾಲು ಯಾರದೆಂದು ಪರೀಕ್ಷಿಸುವವರಿಗೆ ತಿಳಿಯಬಾರದು. ಅವನ ಕಸುಬಿನ ಮೊದಲ ನಿಯಮವೇ ಅದು.

ತಿಂಗಳಾದರೂ ಒಂದು ದೂರಿಲ್ಲ. ಬಾಣಲೆ ಮದುಮಗಳಂತೆ ಹೊಳೆಯುತ್ತಿತ್ತು. ಹಿಂದೆ ಲೊಡಲೊಡ ಅನ್ನುತ್ತಿದ್ದ ಹಿಡಿಯೂ ಗಟ್ಟಿಯಾಗಿತ್ತು. ತನ್ನ ಲೇಪನ ಶಾಖವನ್ನು ಸಮನಾಗಿ ಹಂಚುವುದರಿಂದ ತಿರುಪು ಸಡಿಲವಾಗುವುದಿಲ್ಲ ಎಂದು ಅದಕ್ಕೂ ಅವನೊಂದು ಸಿದ್ಧಾಂತ ಕಟ್ಟಿದ.

ಮೊಟ್ಟೆ ಜಾರಿತು. ಬಾಣಲೆಯಿಂದ ತಟ್ಟೆಗೆ, ಬೆಣ್ಣೆಯಿಂದ ಕೂದಲು ತೆಗೆದಂತೆ.

“ಬಾಣಲೆ ಹೇಗಿದೆ ಮೇಡಂ?” ನಿರ್ದೇಶಕರು ಕೇಳಿದರು.

“ಬಂಗಾರದಂಥದ್ದು ಸರ್. ಬೇಜಾರು ಮಾಡ್ಕೋಬೇಡಿ, ಇದು ನಿಮ್ಮ ಎದುರಾಳಿಗಳದ್ದು. ನಮ್ಮನೆಯವರೂ ಸ್ವಲ್ಪ ಅವರ ಹತ್ರ ಹೋಗಿ ಕಲಿಯಲಿ.”

ಲೇಪನಾಚಾರ್ಯ ಎದೆಯುಬ್ಬಿಸಿದ. “ಆ ಬಾಣಲೆ ಅವರದ್ದು ಕಣೇ, ಮೈಮೇಲಿನ ಲೇಪನ ನನ್ನದು. ತಿಂಗಳಿಂದ ನೀನು ಹೊಗಳ್ತಿರೋದು ನನ್ನನ್ನೇ.”

ನಿರ್ದೇಶಕರು ಎದ್ದು ಅವನ ಕೈ ಕುಲುಕಿದರು. ಮಗಳು ಚಪ್ಪಾಳೆ ತಟ್ಟಿದಳು. ಹೆಂಡತಿ ಮಾತ್ರ ಒಲೆ ಆರಿಸಿ ಇತ್ತ ತಿರುಗಿದಳು.

“ರೀ, ಯಾವಾಗ ಬಳಿದ್ರಿ?”

“ನೀನು ಅಕ್ಕನ ಮನೆಗೆ ಹೋಗಿದ್ದಾಗ.”

“ಅಯ್ಯೋ, ಅದು ನಿಮ್ಮ ಕೆಲಸಾನಾ? ವಾಪಸ್ ಬಂದ ದಿನವೇ ಮೊಟ್ಟೆ ತಳ ಕಚ್ಚಿ, ಕೆರೆದ್ರೂ ಬರಲಿಲ್ಲ. ಗ್ಯಾರಂಟಿ ಇತ್ತಲ್ಲ, ಅಂಗಡಿಗೆ ಕೊಟ್ಟು ಹೊಸದು ತಂದೆ. ಪಾಪ, ಆ ಕಂಪನಿಯವರು ಫೋನ್ ಮಾಡಿ ಕ್ಷಮೆ ಬೇರೆ ಕೇಳಿದ್ರು.”

ಮೊದಲು ಮಗಳು ಕಿಸಕ್ಕೆಂದಳು. ನಿರ್ದೇಶಕರು ಕುಲುಕುತ್ತಿದ್ದ ಕೈ ಬಿಟ್ಟು, “ನಾಳೆಯಿಂದ ದೂರು ವಿಭಾಗಕ್ಕೆ ಬನ್ನಿ” ಎಂದು ನಕ್ಕರು. ಎಲ್ಲರಿಗಿಂತ ಜೋರಾಗಿ, ಹೊಟ್ಟೆ ಹಿಡಿದುಕೊಂಡು ನಕ್ಕವನು ಲೇಪನಾಚಾರ್ಯ.

ಅವನ ಮಾಲಿಗೆ ಬೇರೆಯವರು ಕ್ಷಮೆ ಕೇಳಿದ್ದು ಅದೇ ಮೊದಲು.