ಕಲ್ಲಿನಿಂದ ಕೆತ್ತಿದ ತೊಗಟೆ

ತೀರ್ಥರಾಮ ಅಂಗಳದ ಬದಿಗೆ ಬಾಗಿ ಕಕ್ಕಿದ್ದು ಕಾಫಿ ಗಸಿಯ ಬಣ್ಣದಲ್ಲಿತ್ತು. ಬೆನ್ನು ಸವರುತ್ತಿದ್ದ ಸೇವಂತಿಯ ಕೈ ಅಲ್ಲೇ ನಿಂತಿತು. ಆಗಷ್ಟೇ ದನದ ಹಟ್ಟಿಯ ಬಾಗಿಲಲ್ಲಿ ಗಂಡನ ಕೈಗೆ ಕಷಾಯದ ಲೋಟ ಕೊಟ್ಟು ಒಳಗೆ ಹೋಗಿದ್ದಳು. ಅವನು ಮುಖವನ್ನೂ ಕಿವುಚದೆ ಖಾಲಿ ಲೋಟ ತಂದುಕೊಟ್ಟಿದ್ದ.

ಮಳೆಗಾಲದ ಆಟಿ ತಿಂಗಳ ಅಮಾವಾಸ್ಯೆ. ಬೆಳಕು ಹರಿಯುವ ಮೊದಲು, ಕತ್ತಿ ಮುಟ್ಟಿಸದೆ, ಕಲ್ಲಿನಿಂದಲೇ ಕೆತ್ತಿ ಪಾಲೆ ಮರದ ತೊಗಟೆ ತರಬೇಕು. ಖಾಲಿ ಹೊಟ್ಟೆಗೆ ಅದರ ಕಷಾಯ, ರೋಗ ಬಾರದಿರಲೆಂದು. ಪ್ರತಿವರ್ಷ ಹೋಗುತ್ತಿದ್ದವನು ತೀರ್ಥರಾಮ. ಈ ಸಲ ಮಂಡಿನೋವೆಂದು ಕೂತ.

"ನಾನು ತರ್ತೇನೆ. ನನಗೆಂತ ಮರ ಗೊತ್ತಿಲ್ವಾ?" ಎಂದು ಹೊರಟವಳು ಸೇವಂತಿ.

ಗುಡ್ಡದಲ್ಲಿ ಪಾಲೆಯ ಪಕ್ಕವೇ ಕಾಸರಕನ ಮರ. ಅದರ ತೊಗಟೆ ವಿಷ. ಮಳೆ, ಮಬ್ಬು, ಮಂಕು ಟಾರ್ಚು. ಪಾಲೆಯಾದರೆ ಹಾಲು ಒಸರಬೇಕು. ಒಸರಿತೋ, ಮಳೆನೀರು ಇಳಿಯಿತೋ, ಅವಳು ನೋಡುತ್ತ ನಿಲ್ಲಲಿಲ್ಲ.

ತಾನು ಕುಡಿಯುವ ಮೊದಲೇ ಹೀಗಾಯಿತು. ಪಾತ್ರೆಯಲ್ಲಿ ಉಳಿದದ್ದನ್ನು ಬಚ್ಚಲಿಗೆ ಚೆಲ್ಲಿದಳು. ಯಾರೂ ನೋಡಲಿಲ್ಲ.

ಸಂಪಾಜೆಯಿಂದ ಪುತ್ತೂರಿನವರೆಗೂ ಜೀಪಿನಲ್ಲಿ ಅವನ ತಲೆ ಅವಳ ತೊಡೆಯ ಮೇಲೆ. "ಹೆದರ್ಬೇಡ ಮಾರಾಯ್ತಿ. ಆಟಿಯಲ್ಲಿ ನನ್ನ ಹೊಟ್ಟೆಯ ಕತೆ ನಿನಗೆ ಗೊತ್ತುಂಟಲ್ಲ" ಎಂದ. ಆ ಸಮಾಧಾನವೇ ಅವಳನ್ನು ಚುಚ್ಚಿತು.

"ಬೆಳಿಗ್ಗೆ ಎಂತ ಕೊಟ್ಟಿದ್ರಿ?" ಆಸ್ಪತ್ರೆಯ ಡಾಕ್ಟರಮ್ಮ ಕೇಳಿದರು.

"ಎಂತ ಇಲ್ಲ. ಆಟಿ ಕಷಾಯ, ಅಷ್ಟೇ."

ಮರದ ಮಾತು ಬಾಯಿಯ ತನಕ ಬಂತು. ಹೊರಗೆ ಬರಲಿಲ್ಲ. ಅವನನ್ನು ಒಳಗೆ ಕರೆದೊಯ್ದರು.

ಹೊರಗೆ ಕೂತಿದ್ದಾಗ ಕಿಟ್ಟಣ್ಣನ ಫೋನು. ಹಟ್ಟಿ ನೋಡಿಕೋ ಎಂದು ಬಿಟ್ಟುಬಂದ ನೆರೆಯವನು. "ಅಕ್ಕ, ಕರು ಹೋಯ್ತು. ಕೈಕಾಲು ಸೆಟೆದು ಬಿದ್ದಿತ್ತು. ಹಾವು ಮುಟ್ಟಿರ್ಬೇಕು. ಅಣ್ಣನಿಗೆ ಈಗ ಹೇಳುದು ಬೇಡ."

"ಹೂಂ" ಎಂದಳು. ಗಂಡನ ಚಿಂತೆಯಲ್ಲಿ ಕರುವಿಗಾಗಿ ಅಳುವುದೂ ಅವಳಿಗೆ ತೋಚಲಿಲ್ಲ.

ಡಾಕ್ಟರಮ್ಮ ಹೊರಗೆ ಬಂದರು. "ಹೊಟ್ಟೆಯಲ್ಲಿ ಹುಣ್ಣು ಉಂಟು ಅಮ್ಮ. ಇವತ್ತಿನದ್ದಲ್ಲ, ಹಳೇದು. ಒಂದು ಕ್ರಿಮಿಯಿಂದ ಬರುದು. ಮಳೆ ಹಿಡಿದ ಮೇಲೆ ಇಂಥವರು ನಮ್ಮಲ್ಲಿಗೆ ಜಾಸ್ತಿ. ಇವರು ಮಂಡಿನೋವಿಗೆ ಅಂಗಡಿಯಿಂದ ಮಾತ್ರೆ ತಂದು ಬೇರೆ ನುಂಗಿದ್ದಾರೆ. ಗುಣ ಆಗ್ತದೆ."

"ಕಷಾಯದಿಂದ ಅಲ್ವಾ?"

"ಕಷಾಯದಿಂದ ಇಂಥ ಹುಣ್ಣು ಆಗುದಿಲ್ಲ."

ಸೇವಂತಿ ಗೋಡೆಗೆ ಒರಗಿ ಅತ್ತಳು. ಆಮೇಲೆ ಗಂಡನ ಮಂಚದ ಬದಿಗೆ ಕೂತು, ಸೆರಗಿನ ತುದಿ ಸುತ್ತುತ್ತ, ಎಲ್ಲವನ್ನೂ ಹೇಳಿಬಿಟ್ಟಳು. "ತಪ್ಪಾಯ್ತು. ಪಾಲೆಯದ್ದೋ ಕಾಸರಕನದ್ದೋ ಅಂತ ನನಗೇ ಸಂಶಯ ಇತ್ತು. ಡಾಕ್ಟರ ಹತ್ರ ಹೇಳ್ಲಿಕ್ಕೂ ಧೈರ್ಯ ಬರಲಿಲ್ಲ. ನಿಮಗೆ ವಿಷ ಏರಲಿಲ್ಲ ಅಂದ ಮೇಲೆ ಪಾಲೆಯದ್ದೇ."

ತೀರ್ಥರಾಮ ನಗಲು ಹೋಗಿ ಹೊಟ್ಟೆ ಹಿಡಿದುಕೊಂಡ. "ನಾನು ಕುಡಿದಿದ್ರೆ ಅಲ್ವಾ ಮಾರಾಯ್ತಿ, ಗೊತ್ತಾಗುದು?"

"ಹಾಗಂದ್ರೆ?"

"ಏಳುವಾಗಲೇ ಹೊಟ್ಟೆ ಉರೀತಿತ್ತು. ಅದರ ಮೇಲೆ ಆ ಕಹಿ ಯಾರು ಕುಡಿಯುದು? ಕತ್ತಲೆಯಲ್ಲಿ ಹೋಗಿ ತಂದದ್ದು, ಬೇಡ ಅಂದ್ರೆ ನಿನಗೆ ಬೇಜಾರು. ನೀನು ಒಳಗೆ ಹೋದದ್ದೇ, ಅಲ್ಲೇ ಇದ್ದ ಅಕ್ಕಿ ತೊಳೆದ ಅಕ್ಕಚ್ಚಿನ ಬಾಲ್ದಿಗೆ ಹೊಯ್ದುಬಿಟ್ಟೆ."

ಸೇವಂತಿಯ ಬೆರಳುಗಳು ಸೆರಗಿನಲ್ಲೇ ನಿಂತವು.

"ಕರು ಒಂದು ತೊಟ್ಟೂ ಬಿಡ್ಲಿಲ್ಲ" ಎಂದ ತೀರ್ಥರಾಮ, ಕಣ್ಣು ಮುಚ್ಚಿಕೊಳ್ಳುತ್ತ. "ಪಾಲೆಯದ್ದಾ ಅಂತ ಮನೆಗೆ ಹೋಗಿ ಅದನ್ನೇ ಕೇಳು."