ಮನೆಗೊಂದು ಓಟು

ತನ್ನ ಮದುವೆಗೆ ಸಾಕ್ಷಿ ಸಹಿ ಹಾಕಿದ ತಪ್ಪಿಗೆ ಅಣ್ಣ ಮನೆಯಿಂದ ಹೊರಹಾಕಿದ್ದ ತಾಯಿಯನ್ನು ಕರೆತಂದು ಇಟ್ಟುಕೊಳ್ಳೋಣ ಎಂದು ತಬಸ್ಸುಮ್ ಕೇಳಿದಾಗ, ಗಂಡ ಗಿರಿಧರ ಒಂದೇ ಮಾತಿಗೆ ಒಪ್ಪಿದ.

"ನಂಗೇನೂ ತೊಂದ್ರೆ ಇಲ್ಲ ಕಣೇ. ಆದ್ರೆ ಅವರು ಬುರ್ಖಾ ಹಾಕ್ತಾರೆ, ನಮಾಜು ಮಾಡ್ತಾರೆ. ನಾಳೆ ಯಾರೂ ತಕರಾರು ತೆಗೀಬಾರ್ದು ನೋಡು. ಅಪಾರ್ಟ್‌ಮೆಂಟ್ ಗ್ರೂಪಲ್ಲಿ ಓಟಿಗೆ ಹಾಕ್ತೀನಿ."

ಆ ವಾಟ್ಸ್ಯಾಪ್ ಗ್ರೂಪಿನಲ್ಲಿ ಮನೆಗೊಬ್ಬರಿಗೇ ಜಾಗ. ಅವರ ಮನೆಯಿಂದ ಅವನಿದ್ದ.

ಸಂಜೆ ಅವನು ಮುಖ ಸಪ್ಪಗೆ ಮಾಡಿಕೊಂಡು ಬಂದ. "ಎಲ್ಲಾ ಬೇಡ ಅಂತಾನೇ ಒತ್ತಿದ್ದಾರೆ. ಎಂಥಾ ಜನರ ಮಧ್ಯೆ ಇದೀವಿ ನೋಡು, ಥೂ!"

ಅವಳು ಅತ್ತಳು. ಅವನು ನೆರೆಹೊರೆಯವರನ್ನೆಲ್ಲ ಬಾಯಿಗೆ ಬಂದಂತೆ ಬೈದ. ಮರುದಿನ ಅವಳು ಫೋನು ಮಾಡಿ, "ಬರಬೇಡಿ ಅಮ್ಮಿ" ಎಂದಳು.

ಆಮೇಲೆ ತಬಸ್ಸುಮ್ ಲಿಫ್ಟಿನಲ್ಲಿ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಒಂದು ದಿನ ಎದುರುಮನೆಯ ಪಂಕಜಮ್ಮನೇ ತಡೆದು ಕೇಳಿದರು: "ಯಾಕಮ್ಮಾ, ನಿಮ್ಮ ತಾಯಿ ಇನ್ನೂ ಬರಲೇ ಇಲ್ಲ?"

ಅವಳು ಸಿಡಿದಳು. "ಬೇಡ ಅಂತ ಓಟು ಹಾಕಿ, ಈಗ ಬಂದು ವಿಚಾರಿಸ್ಕೋತೀರಾ?"

"ಅಯ್ಯೋ, ಯಾರು ಹೇಳಿದ್ದು? ನಾವೆಲ್ಲ ಬರಲಿ ಅಂತಲೇ ಒತ್ತಿದ್ವಲ್ಲಮ್ಮಾ. ಬೇಕಾದ್ರೆ ನೀನೇ ನೋಡು."

ಪಂಕಜಮ್ಮ ಮೊಬೈಲು ತೆಗೆದು ತೋರಿಸಿದರು. 'ಬರಲಿ' ಎಂಬುದರ ಕೆಳಗೆ, ಓಟು ಒತ್ತಿದವರ ಪುಟ್ಟ ಪುಟ್ಟ ಫೋಟೊಗಳು ಸಾಲುಗಟ್ಟಿದ್ದವು. 'ಬೇಡ' ಎಂಬುದರ ಕೆಳಗೆ ಒಂದೇ ಒಂದು ಫೋಟೊ ಇತ್ತು. ಅದರಲ್ಲಿ ಮದುವೆಯ ಹಾರ ಹಾಕಿಕೊಂಡು, ಗಿರಿಧರನ ಭುಜಕ್ಕೊರಗಿ, ಅವಳೇ ನಗುತ್ತಿದ್ದಳು.